‘ಎಷ್ಟ್ ದಿನಾ ಇರ್ತಿ?’

ಮಾರ್ಚ್ ಮೊದಲ ವಾರ ಊರಿಗೆ ಫೋನ್ ಮಾಡಿ, ‘ಈ ತಿಂಗಳ ಕಡೀಕ ಬರಾಕತ್ತೀವಿ’ ಅಂದೆ. ಅಣ್ಣ ಕೇಳಿದ ಮೊದಲ ಪ್ರಶ್ನೆ: ‘ಎಷ್ಟ್ ದಿನಾ ಇರ್ತಿ?’

ಅವನದೇನೂ ತಪ್ಪಿಲ್ಲ. ಒಂಬತ್ತು ವರ್ಷಗಳಿಂದ ಪ್ರತಿ ಸಲವೂ ಅದೇ ಪ್ರಶ್ನೆ, ನನ್ನ ಕಡೆಯಿಂದಲೂ ಸಿದ್ಧ ಉತ್ತರ. ದೀಪಾವಳಿಗೆ ಐದು ದಿನ, ಮಗಳ ಬೇಸಿಗೆ ರಜೆಗೆ ಹತ್ತು ದಿನ, ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ಹನ್ನೆರಡು ದಿನ. ಆಮೇಲಿನ ಎಂಟು ತಿಂಗಳು ಅಪ್ಪನನ್ನು ಎಬ್ಬಿಸಿ, ಕೂರಿಸಿ, ಕುಂದಗೋಳದಿಂದ ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದೊಯ್ದು, ಮತ್ತೆ ನಡೆಯುವಂತೆ ಮಾಡಿದ್ದು ಅಣ್ಣ ಮತ್ತು ವೈನಿ. ನಾನು ಕೋಲ್ಕತ್ತದಿಂದ ದುಡ್ಡು ಕಳಿಸಿದೆ, ವಿಡಿಯೊ ಕಾಲ್‌ನಲ್ಲಿ ‘ಮಾತ್ರೆ ತಗೊಂಡ್ಯಾ?’ ಎಂದು ಕೇಳಿದೆ. ಹೊರನಾಡಿನಲ್ಲಿರುವ ಬಹಳ ಮಕ್ಕಳು ಮಾಡುವುದು ಅಷ್ಟೇ ಅಲ್ಲವೇ?

‘ಪೂರಾ ಬರಾಕತ್ತೀವಿ, ಅಣ್ಣಾ. ಹುಬ್ಬಳ್ಳ್ಯಾಗ ನೌಕರಿ ಸಿಕ್ಕೈತಿ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ‘ಮ್ಯಾಲಿನ ಖೋಲ್ಯಾಗ ಮೆಣಸಿನಕಾಯಿ ಚೀಲ ಒಟ್ಟೀವಿ. ನೋಡೂಣು’ ಅಂದ.

ಆ ‘ನೋಡೂಣು’ ಇಡೀ ತಿಂಗಳು ನನ್ನ ಕಿವಿಯಲ್ಲಿತ್ತು. ಮನೆ, ಹೊಲ, ಅಪ್ಪ ಎಲ್ಲವನ್ನೂ ಇಷ್ಟು ವರ್ಷ ಹೊತ್ತವನು ಅವನು. ನಾನು ಹಬ್ಬದ ನೆಂಟ. ನೆಂಟ ಒಂದು ದಿನ ಸಾಮಾನು ಸಮೇತ ಬಂದು ಇಲ್ಲೇ ಇರುತ್ತೇನೆ ಎಂದರೆ ಮನೆಯವರಿಗೆ ಏನನ್ನಿಸಬೇಕು ಎಂದು ಟಿಕೆಟ್ ಬುಕ್ ಮಾಡುವವರೆಗೂ ನಾನು ಯೋಚಿಸಿರಲಿಲ್ಲ.

ಕೋಲ್ಕತ್ತದ ಕೊನೆಯ ದಿನಗಳು ಎಂದರೆ ಮುಕ್ಕಾಲು ಪಾಲು ಗುಮಾಸ್ತಿಕೆ. ಗ್ಯಾಸ್ ಸಿಲಿಂಡರ್ ಹಿಂದಿರುಗಿಸುವುದು, ಮಗಳ ಶಾಲೆಯಿಂದ ಟಿ.ಸಿ., ಪ್ಯಾಕರ್ಸ್‌ನವರ ಜೊತೆ ಚೌಕಾಸಿ. ಸೆಕ್ಟರ್ ಫೈವ್‌ನ ಆಫೀಸಿನಲ್ಲಿ ತೊಂಬತ್ತು ದಿನಗಳ ನೋಟಿಸ್ ಪಿರಿಯಡ್‌ನ ಕೊನೆಯ ಎರಡು ವಾರ ಬಾಕಿ. ನಾನು ಬರೆದ ಕೋಡ್ ಅನ್ನು ನನಗಿಂತ ಹತ್ತು ವರ್ಷ ಚಿಕ್ಕ ಹುಡುಗಿಗೆ ವಿವರಿಸುವಾಗ, ಇದನ್ನೆಲ್ಲ ಯಾಕೆ ಹೀಗೆ ಬರೆದೆ ಎಂದು ನನಗೇ ನೆನಪಾಗುತ್ತಿರಲಿಲ್ಲ. ಸಂಜೆ ಹೊರಗೆ ಬಂದು ಝಾಲ್‌ಮುರಿ ತಿನ್ನುತ್ತಿದ್ದೆ.

ಹುಬ್ಬಳ್ಳಿ ಕಡೆಯವರಿಗೆ ಝಾಲ್‌ಮುರಿ ಎಂದರೆ ಗಿರ್ಮಿಟ್‌ನ ಚಿಕ್ಕಮ್ಮನ ಮಗ. ನಮ್ಮಲ್ಲಿ ಮಂಡಕ್ಕಿಗೆ ಉಳ್ಳಾಗಡ್ಡಿ, ಹುಣಸೆಹುಳಿಯ ಗೊಜ್ಜು, ಪುಟಾಣಿ ಹಿಟ್ಟು, ಪಕ್ಕದಲ್ಲಿ ಮಿರ್ಚಿ. ಇಲ್ಲಿ ಸಾಸಿವೆ ಎಣ್ಣೆ, ಚನಾಚೂರ್, ಒಂದು ಚೂರು ಕೊಬ್ಬರಿ, ಕಾಗದದ ಠೊಂಗಾ. ಬಂದ ಹೊಸದರಲ್ಲಿ ಆ ಎಣ್ಣೆಯ ಘಾಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಅದಿಲ್ಲದ ಮಂಡಕ್ಕಿ ಸಪ್ಪೆ. ಒಮ್ಮೆ ತಂಡದವರಿಗೆ, ‘ನಮ್ಮೂರಲ್ಲಿ ಇದಕ್ಕೆ ಗಿರ್ಮಿಟ್ ಅಂತೇವೆ’ ಎಂದಾಗ ಟೆಸ್ಟಿಂಗ್ ವಿಭಾಗದ ಗೆಳೆಯ ಜೋರಾಗಿ ನಕ್ಕ. ‘ಗಿರ್ಮಿಟ್ ತಿಂತೀರಾ? ನಮ್ಮ ಕಡೆ ಗಿರ್ಮಿಟ್‌ಗೆ ಹೆಬ್ಬೆಟ್ಟು ಒತ್ತುತ್ತಿದ್ದರು.’

ಅವನ ಮನೆ ಮಟಿಯಾಬುರುಜ್‌ನಲ್ಲಿ. ಹೊರಡುವ ಮೊದಲು ಒಂದು ಭಾನುವಾರ ಊಟಕ್ಕೆ ಬರಲೇಬೇಕು ಎಂದು ಹಿಡಿದಿದ್ದ. ಒಂಬತ್ತು ವರ್ಷದಲ್ಲಿ ನಾನು ಆ ಕಡೆ ಹೋಗಿರಲಿಲ್ಲ. ಕಿದಿರ್‌ಪುರ ದಾಟಿ, ಡಾಕ್‌ಗಳ ಗೋಡೆಗುಂಟ ಹೋದರೆ ಹೂಗ್ಲಿ ನದಿಯ ದಂಡೆಯ ಗಾರ್ಡನ್ ರೀಚ್, ಅದರ ಮಗ್ಗುಲಿಗೆ ಮಟಿಯಾಬುರುಜ್. ಮನೆ ಮನೆಯಲ್ಲೂ ಹೊಲಿಗೆ ಯಂತ್ರದ ಸದ್ದು. ಸಿದ್ಧ ಉಡುಪಿನ ವ್ಯಾಪಾರಕ್ಕೆ ಹೆಸರಾದ ಜಾಗ ಅದು.

ಊಟಕ್ಕೆ ಬಿರಿಯಾನಿ, ಅದರಲ್ಲಿ ಇಡೀ ಆಲೂಗಡ್ಡೆ. ಕೋಲ್ಕತ್ತದ ಬಿರಿಯಾನಿಯ ಕಥೆ ಹೇಳುವವರೆಲ್ಲ ನವಾಬ ವಾಜಿದ್ ಅಲಿ ಶಾನ ಹೆಸರು ತೆಗೆಯುತ್ತಾರೆ. 1856ರಲ್ಲಿ ಬ್ರಿಟಿಷರು ಅವಧ್ ರಾಜ್ಯವನ್ನು ಕಿತ್ತುಕೊಂಡಾಗ ಅವನು ಲಖನೌ ಬಿಟ್ಟು ಕೋಲ್ಕತ್ತಕ್ಕೆ ಬಂದ. ಲಂಡನ್ನಿಗೆ ಹೋಗಿ ರಾಣಿಯ ಮುಂದೆ ದೂರು ಹೇಳುವುದು, ರಾಜ್ಯ ಮರಳಿ ಪಡೆಯುವುದು ಅವನ ಲೆಕ್ಕ. ಅವನು ಹೋಗಲಾಗಲಿಲ್ಲ, ತಾಯಿ ಹೋದಳು. ಕೆಲಸ ಆಗದೆ ಹಿಂದಿರುಗುವ ದಾರಿಯಲ್ಲಿ 1858ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡಳು. ಮಗ ಮಟಿಯಾಬುರುಜ್‌ನಲ್ಲೇ ಒಂದು ಪುಟ್ಟ ಲಖನೌ ಕಟ್ಟಿಕೊಂಡು, 1887ರಲ್ಲಿ ಅಲ್ಲೇ ಸತ್ತ. ಗೆಳೆಯ ಊಟದ ನಂತರ ಅವನ ಸಮಾಧಿ ಇರುವ ಸಿಬ್ತೈನಾಬಾದ್ ಇಮಾಂಬಾಡಾ ತೋರಿಸಿದ. ಅಲ್ಲಿಂದ ನದಿಯ ಕಡೆ ಹೊರಟೆವು.

ಸುರಿನಾಮ್ ಘಾಟ್ ಅಂದರೆ ಮೆಟ್ಟಿಲು, ಜನ, ಪೂಜೆ ಎಲ್ಲ ಇರುವ ಘಾಟ್ ಇರಬೇಕು ಎಂದುಕೊಂಡಿದ್ದೆ. ಇದ್ದದ್ದು ಒಂದು ಪ್ರತಿಮೆ: ಒಬ್ಬ ಗಂಡಸು, ಒಬ್ಬಳು ಹೆಂಗಸು, ಒಂದು ಬಟ್ಟೆಗಂಟು. ಹೆಸರು ‘ಮಾಯಿ-ಬಾಪ್’. ದಕ್ಷಿಣ ಅಮೆರಿಕದ ಸುರಿನಾಮ್ ದೇಶದ ರಾಜಧಾನಿ ಪಾರಾಮಾರಿಬೊದಲ್ಲಿರುವ ಪ್ರತಿಮೆಯ ಜೋಡಿ ಇದು. 2015ರಲ್ಲಿ ಆಗಿನ ವಿದೇಶಾಂಗ ಸಚಿವೆ ಸುಷ್ಮಾ ಸ್ವರಾಜ್ ಅನಾವರಣ ಮಾಡಿದ್ದು. 1873ರ ಫೆಬ್ರುವರಿ 26ರಂದು ಕೋಲ್ಕತ್ತದಿಂದ ಹೊರಟ ‘ಲಲ್ಲಾ ರೂಖ್’ ಎಂಬ ಹಡಗು ಜೂನ್ 5ಕ್ಕೆ ಸುರಿನಾಮ್ ಮುಟ್ಟಿತು. ಇಳಿದವರು 399 ಜನ. ಕಬ್ಬಿನ ತೋಟದ ಕೂಲಿಗೆ. ಮುಂದೆ 1916ರವರೆಗೆ ಆ ಒಂದು ದೇಶಕ್ಕೇ ಹೋದವರು ಸುಮಾರು 34 ಸಾವಿರ. ಮಾರಿಷಸ್, ಬ್ರಿಟಿಷ್ ಗಯಾನಾ, ಟ್ರಿನಿಡಾಡ್, ಜಮೈಕಾ, ಫಿಜಿಗಳ ಲೆಕ್ಕ ಬೇರೆ. ಹೆಚ್ಚಿನವರು ಇಂದಿನ ಬಿಹಾರ, ಉತ್ತರ ಪ್ರದೇಶದ ಭೋಜ್‌ಪುರಿ ಸೀಮೆಯವರು. ಅವರು ಒತ್ತಿದ ಹೆಬ್ಬೆಟ್ಟಿನ ಅಗ್ರಿಮೆಂಟ್ ಅವರ ಬಾಯಲ್ಲಿ ‘ಗಿರ್ಮಿಟ್’, ಅವರು ಗಿರ್ಮಿಟಿಯಾಗಳು.

(ನಮ್ಮ ಗಿರ್ಮಿಟ್‌ಗೂ ಅದಕ್ಕೂ ಸಂಬಂಧ ಇದ್ದ ಹಾಗಿಲ್ಲ. ಬಡಿಗೇರರು ಮರಕ್ಕೆ ತೂತು ಕೊರೆಯುವ, ಕೈಯಲ್ಲಿ ತಿರುಗಿಸುವ ಸಾಧನಕ್ಕೂ ನಮ್ಮ ಕಡೆ ಗಿರಮಿಟ್ ಅನ್ನುತ್ತಾರೆ. ಮಂಡಕ್ಕಿಯನ್ನು ಹಾಗೆ ಗರಗರ ತಿರುವಿ ಕಲಸುವುದಕ್ಕೆ ಆ ಹೆಸರು ಬಂತು ಎನ್ನುವುದು ಅಪ್ಪನ ವಾದ. ಅಪ್ಪನ ಜೊತೆ ವಾದಕ್ಕಿಳಿದು ಗೆದ್ದವರಿಲ್ಲ.)

‘ಇದು ಹೋದವರ ಗುರುತು’ ಎಂದ ಗೆಳೆಯ. ‘ವಾಪಸ್ ಬಂದವರ ಗುರುತು ಎಲ್ಲೂ ಇಲ್ಲ. ಅವರು ನಮ್ಮ ಮೊಹಲ್ಲಾದಲ್ಲೇ ಇದ್ದರಂತೆ.’

‘ನಿಮ್ಮ ಮೊಹಲ್ಲಾದಲ್ಲಿ ಯಾಕೆ? ಊರಿಗೆ ಹೋಗಲಿಲ್ಲವೇ?’

‘ಹೋದರು. ಹೋಗಿ, ಮತ್ತೆ ಇಲ್ಲಿಗೇ ಬಂದರು.’

ಮನೆಗೆ ಬಂದ ಮೇಲೂ ಆ ಮಾತು ಬಿಡಲಿಲ್ಲ. ಪ್ಯಾಕಿಂಗ್ ಅರ್ಧಕ್ಕೆ ಬಿಟ್ಟು ಅಲಿಪುರದ ನ್ಯಾಷನಲ್ ಲೈಬ್ರರಿಗೆ ಎರಡು ಸಲ ಹೋಗಿ ಬಂದೆ. ಅಲ್ಲಿನ ಕನ್ನಡ ವಿಭಾಗಕ್ಕೆ ಹಿಂದೆ ಹೋಗಿದ್ದುಂಟು, ಈ ಸಲ ಹುಡುಕಿದ್ದು ಬೇರೆ. ಹೆಂಡತಿ, ‘ಹೊಂಟ ಹೊತ್ತನ್ಯಾಗ ಇದೇನು ನಿಮ್ಮ ಪಿಎಚ್‌ಡಿ?’ ಎಂದು ಅಟ್ಟದ ಮೇಲಿನ ಪಾತ್ರೆಗಳನ್ನು ತಾನೇ ಇಳಿಸಿದಳು.

ಗಿರ್ಮಿಟ್ ಐದು ವರ್ಷದ್ದು. ಫಿಜಿಯಲ್ಲಿ ಅದು ಮುಗಿದ ಮೇಲೆ ಇನ್ನೈದು ವರ್ಷ ಅಲ್ಲೇ ಇದ್ದರೆ ಮರಳುವ ಹಡಗಿನ ಖರ್ಚು ಸರ್ಕಾರದ್ದು. ಮರಳಿದವರೇನೂ ಕಡಿಮೆ ಇಲ್ಲ. ಬ್ರಿಟಿಷ್ ಗಯಾನಾಕ್ಕೆ ಹೋದ ಸುಮಾರು 2 ಲಕ್ಷ 39 ಸಾವಿರ ಜನರಲ್ಲಿ 75 ಸಾವಿರದಷ್ಟು ಮಂದಿ, ಸುರಿನಾಮ್‌ಗೆ ಹೋದವರಲ್ಲಿ ಮೂರರಲ್ಲಿ ಒಂದು ಪಾಲು ಹಿಂದಿರುಗಿದರು. ಕಬ್ಬು ಕಡಿದು ಕೂಡಿಟ್ಟ ದುಡ್ಡು, ಹೆಂಗಸರ ಮೈಮೇಲೆ ಬೆಳ್ಳಿ, ಅಲ್ಲೇ ಹುಟ್ಟಿದ ಮಕ್ಕಳು. ಕೋಲ್ಕತ್ತದಲ್ಲಿ ಇಳಿದು, ರೈಲು ಹಿಡಿದು ಊರಿಗೆ.

ಊರಿನಲ್ಲಿ ಆದದ್ದೇ ಬೇರೆ. ಕಾಲಾಪಾನಿ ದಾಟಿದವರು ಜಾತಿಗೆ ಸೇರಬೇಕಾದರೆ ಪ್ರಾಯಶ್ಚಿತ್ತ, ಊರಿಗೆಲ್ಲ ಊಟ. ದುಡ್ಡು ಇರುವವರೆಗೆ ನೆಂಟರು, ಮುಗಿದ ಮೇಲೆ ದೂರ. ಹಡಗಿನಲ್ಲಿ, ತೋಟದಲ್ಲಿ ಬೇರೆ ಜಾತಿಯವರನ್ನು ಮದುವೆಯಾದವರಿಗೆ ಊರೊಳಗೇ ಜಾಗವಿಲ್ಲ. ಭಾಷೆ, ಊಟ, ಬಟ್ಟೆ ಎಲ್ಲ ಬೇರೆಯಾದ ಮಕ್ಕಳು ಅಜ್ಜನ ಊರಿನಲ್ಲಿ ಪರದೇಶಿಗಳು. ಪರದೇಶಿ ಎನ್ನುವ ಮಾತಿಗೆ ಕನ್ನಡದಲ್ಲಿ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆಯಲ್ಲ, ಆ ಎರಡೂ ಅರ್ಥದಲ್ಲಿ. ಹಾಗೆ ಊರು ಬಿಟ್ಟವರು ಮತ್ತೆ ಬಂದದ್ದು ಹಡಗು ಇಳಿದ ಜಾಗಕ್ಕೇ. ಇಲ್ಲಿ ಅವರನ್ನು ಕಂಡರೆ ಗುರುತು ಹಿಡಿಯುವವರು ಒಬ್ಬರೇ, ‘ಜಹಾಜಿ ಭಾಯಿ’ಗಳು, ಒಂದೇ ಹಡಗಿನಲ್ಲಿ ಬಂದವರು.

1920ರ ಜನವರಿ 1ಕ್ಕೆ ಫಿಜಿಯಲ್ಲಿ ಉಳಿದಿದ್ದ ಕರಾರುಗಳೂ ರದ್ದಾದವು. ಆ ಹೊತ್ತಿಗೆ ಅಲ್ಲಿಂದಲೂ ಕೆರಿಬಿಯನ್ ಕಡೆಯಿಂದಲೂ ಹಡಗು ಹಡಗು ಜನ ಮರಳಿದರು. ಮಟಿಯಾಬುರುಜ್‌ನ ಕೊಳೆಗೇರಿಗಳಲ್ಲಿ ಅಂಥವರ ದೊಡ್ಡ ಗುಂಪೇ ಬೆಳೆಯಿತು. ಮಲೇರಿಯಾ, ಕೆಲಸವಿಲ್ಲ, ಕೂಡಿಟ್ಟದ್ದು ಖಾಲಿ. ಅವರ ಬೇಡಿಕೆ ಒಂದೇ: ನಮ್ಮನ್ನು ವಾಪಸ್ ಕಳಿಸಿ. ಯಾವ ತೋಟಗಳ ಕಷ್ಟ ಮುಗಿಯಿತೆಂದು ಬಂದಿದ್ದರೋ ಅದೇ ದ್ವೀಪಗಳಿಗೆ. ಸಿ.ಎಫ್. ಆಂಡ್ರ್ಯೂಸ್, ಪತ್ರಕರ್ತ ಬನಾರಸೀದಾಸ್ ಚತುರ್ವೇದಿ ಮುಂತಾದವರು ಅವರ ಪರ ದನಿ ಎತ್ತಿದರು. ಕೆಲವರಿಗೆ ಮರಳಿ ಹೋಗುವ ಅವಕಾಶವೂ ಸಿಕ್ಕಿತು. 1931ರಲ್ಲಿ ಇದೇ ಚತುರ್ವೇದಿ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಹುಟ್ಟಿದ ಭವಾನಿ ದಯಾಳ್ ಸನ್ಯಾಸಿ ಸೇರಿ, ಮರಳಿದವರ ಪಾಡಿನ ಬಗ್ಗೆ ಒಂದು ವರದಿಯನ್ನೇ ಹೊರತಂದರು. ಊರಿಗೆ ಬಂದವನಿಗೆ ಊರು ಸಿಗಲಿಲ್ಲ ಎನ್ನುವುದನ್ನು ಅಂಕಿ-ಅಂಶದ ಜೊತೆ ಬರೆದ ವರದಿ ನಾನು ಬೇರೆ ಕಂಡಿಲ್ಲ.

ಅದಾದ ಮೇಲೂ ಜನ ಬರುತ್ತಲೇ ಇದ್ದರು. ಗಯಾನಾದಿಂದ ಮರಳಿದವರ ಕೊನೆಯ ಹಡಗು ಹೊರಟದ್ದು 1955ರಲ್ಲಿ. ಕೂಲಿಗಳನ್ನು ಒಯ್ಯುವುದು ನಿಂತು 38 ವರ್ಷ, ದೇಶ ಸ್ವತಂತ್ರವಾಗಿ ಎಂಟು ವರ್ಷ ಕಳೆದಿದ್ದವು. ಆ ಹಡಗಿನಲ್ಲಿದ್ದ ಮುದುಕರು ಯಾವ ಊರನ್ನು ನೆನೆಯುತ್ತ ಕೂತಿದ್ದರೋ.

ವೃತ್ತಿಯ ಚಟ, ಸುರಿನಾಮ್‌ಗೆ ಹೋದವರ ಡೇಟಾಬೇಸ್ ಇಂಟರ್‌ನೆಟ್‌ನಲ್ಲಿದೆ ಎಂದು ಗೊತ್ತಾದ ರಾತ್ರಿ ಒಂದು ಗಂಟೆಯವರೆಗೆ ಅದನ್ನೇ ನೋಡುತ್ತ ಕೂತೆ. ಒಳ್ಳೆಯ ಡೇಟಾ. ಹೆಸರು, ತಂದೆಯ ಹೆಸರು, ವಯಸ್ಸು, ಎತ್ತರ, ಜಾತಿ, ಹಳ್ಳಿ, ಹಡಗು, ಯಾವ ತೋಟ. ಇಂಥ ದಾಖಲೆ ಹಿಡಿದುಕೊಂಡೇ ಮೊಮ್ಮಕ್ಕಳ ಮಕ್ಕಳು ಇಂದು ಬಿಹಾರದ ಹಳ್ಳಿಗಳಲ್ಲಿ ತಮ್ಮ ಮೂಲ ಹುಡುಕುತ್ತಾರೆ. ಮರಳಿದವರ ಸಾಲಿನಲ್ಲಿ ಒಂದು ಟಿಪ್ಪಣಿ: ಇಂಥ ಹಡಗಿನಲ್ಲಿ ಕಲ್ಕತ್ತಕ್ಕೆ ಹೊರಟರು. ಅಷ್ಟೇ. ದಾಖಲೆ ಇಟ್ಟವರ ಪಾಲಿಗೆ ಅಲ್ಲಿಗೆ ಕೇಸ್ ಕ್ಲೋಸ್. ಆ ಮನುಷ್ಯನಿಗೆ ನಿಜವಾದ ಕಷ್ಟ ಶುರುವಾಗುವುದೇ ಆ ಸಾಲು ಮುಗಿದ ಮೇಲೆ, ಬಂದರಿನಿಂದ ಊರಿನ ಬಾಗಿಲವರೆಗಿನ ದಾರಿಯಲ್ಲಿ. ಅದಕ್ಕೆ ಕಾಲಂ ಇಲ್ಲ.

ನಾನು ಗಿರ್ಮಿಟಿಯಾ ಅಲ್ಲ, ಅವರ ಜೊತೆ ಹೋಲಿಸಿಕೊಂಡರೆ ಅದು ಅಹಂಕಾರ. ಎಸಿ ಆಫೀಸಿನಲ್ಲಿ ಕೂತು ದುಡಿದು, ಬೇಕೆಂದಾಗ ವಿಮಾನ ಹತ್ತಿದವನು. ಆದರೆ ಆ ರಾತ್ರಿ ಅಣ್ಣನ ‘ನೋಡೂಣು’ ಮತ್ತೆ ಕೇಳಿಸಿತು. ಊರು ಅಲ್ಲೇ ಇರುತ್ತದೆ, ನಾವು ಹೋದರಾಯಿತು ಎಂಬ ಲೆಕ್ಕದಲ್ಲಿ ನಾವೆಲ್ಲ ಹೊರಗೆ ಇರುತ್ತೇವೆ. ಬೆಳಿಗ್ಗೆ ಎದ್ದವನೇ ಅಣ್ಣನಿಗೆ ಫೋನ್ ಮಾಡಿದೆ. ಹೊಲದ ವಿಷಯ, ಮನೆಯ ಖರ್ಚು, ಅಪ್ಪನ ಔಷಧಿ, ಯಾವುದು ಯಾರ ಪಾಲಿಗೆ ಎಂದು ಮಾತಾಡಬೇಕೆಂದುಕೊಂಡೆ. ಇಪ್ಪತ್ತು ನಿಮಿಷ ಮೆಣಸಿನಕಾಯಿ ರೇಟಿನ ಬಗ್ಗೆ ಮಾತಾಡಿ ಇಟ್ಟೆವು. ಕೊನೆಯಲ್ಲಿ ಒಂದೇ ಒಂದು ವಾಕ್ಯ ಹೇಗೋ ಹೊರಬಿತ್ತು: ‘ಅಣ್ಣಾ, ನಾ ಪಾಲು ಕೇಳಾಕ ಬರಾಕತ್ತಿಲ್ಲ.’ ‘ಹುಚ್ಚ ಅದೀ’ ಅಂದ ಅವನು. ಹೌದು ಎಂದೂ ಅಲ್ಲ, ಅಲ್ಲ ಎಂದೂ ಅಲ್ಲ.

ಮಗಳಿಗೆ ಏಳು ವರ್ಷ, ಹುಟ್ಟಿದ್ದು ಇಲ್ಲೇ. ಸರಸ್ವತಿ ಪೂಜೆಗೆ ಹಳದಿ ಸೀರೆ ಉಟ್ಟವಳು. ಮನೆಯಲ್ಲಿ ಕನ್ನಡ ಮಾತಾಡುತ್ತಾಳೆ, ಸಿಟ್ಟು ಬಂದರೆ ಬಂಗಾಳಿ. ಕನಸಿನಲ್ಲಿ ಕನವರಿಸುವುದೂ ಬಂಗಾಳಿಯಲ್ಲೇ. ‘ಊರಿಗೆ ಹೋಗೋಣ’ ಎಂದರೆ ಅವಳಿಗೆ ಅದು ರಜೆ. ‘ಆಮೇಲೆ ಮನೆಗೆ ಯಾವಾಗ ಬರೋದು?’ ಎಂದು ಎರಡು ಸಲ ಕೇಳಿದಳು. ಮೊದಲ ಸಲ ನಾನು ಮಾತು ತೇಲಿಸಿದೆ. ಎರಡನೆಯ ಸಲ ಅವಳಮ್ಮ ಹೇಳಿದಳು. ಆ ಸಂಜೆ ಅವಳು ಕೆಳಮನೆಗೆ ಹೋಗಿ ಮಾಶಿಮಾ ಪಕ್ಕದಲ್ಲೇ ಮಲಗಿಬಿಟ್ಟಳು.

ಮಾಶಿಮಾ ನಮ್ಮ ಸಾಲ್ಟ್ ಲೇಕ್ ಮನೆಯ ಒಡತಿ, ಎಂಬತ್ತು ದಾಟಿದ್ದಾರೆ. ಬಂಗಾಳಿಯಲ್ಲಿ ‘ಬಾಸಾ’ ಅಂದರೆ ಇರುವ ಮನೆ, ‘ಬಾಡಿ’ ಅಂದರೆ ಮೂಲದ ಮನೆ. ‘ದೇಶ್’ ಎಂದರೆ ಭಾರತವಲ್ಲ, ಹುಟ್ಟಿದ ಊರು. ಅವರ ದೇಶ್ ಬರಿಸಾಲ್, ಈಗ ಬಾಂಗ್ಲಾದೇಶದಲ್ಲಿದೆ. ದೇಶ ವಿಭಜನೆಯ ನಂತರ ಫ್ರಾಕು ತೊಟ್ಟ ವಯಸ್ಸಿನಲ್ಲಿ ಬಂದವರು, ಮತ್ತೆ ಹೋಗಿಲ್ಲ. ಸ್ವಂತ ದುಡ್ಡಿನಲ್ಲಿ ಕಟ್ಟಿಸಿದ ಸಾಲ್ಟ್ ಲೇಕ್‌ನ ಮೂರಂತಸ್ತಿನ ಮನೆಯನ್ನು ಅವರು ಈಗಲೂ ಬಾಸಾ ಎನ್ನುತ್ತಾರೆ. ಬರಿಸಾಲ್‌ನ ಕೆರೆಗೆ ಎಷ್ಟು ಮೆಟ್ಟಿಲಿದ್ದವು ಎಂದು ಕೇಳಿದರೆ ತಕ್ಷಣ ಹೇಳುತ್ತಾರೆ, ಕನ್ನಡಕ ಎಲ್ಲಿಟ್ಟಿದ್ದೇನೆ ಎನ್ನುವುದು ನೆನಪಿರುವುದಿಲ್ಲ.

ಹೊರಡುವ ದಿನ ಮಗಳಿಗೆ ಸಂದೇಶ್‌ನ ಡಬ್ಬಿ ಕೊಟ್ಟರು. ಚಳಿಗಾಲ ಮುಗಿದಿತ್ತು, ನೊಲೆನ್ ಗುಡ್ ಇಲ್ಲ, ಸಕ್ಕರೆಯದು ಎಂದು ಹತ್ತು ಸಲ ಕ್ಷಮೆ ಕೇಳಿದರು. ನಾನು ನಮಸ್ಕಾರ ಮಾಡಿ, ‘ಜಾಚ್ಛಿ, ಮಾಶಿಮಾ’ ಎಂದುಬಿಟ್ಟೆ. ಹೋಗುತ್ತೇನೆ ಎಂದು. ಅವರು ನನ್ನ ಬಾಯಿಗೆ ಕೈ ಅಡ್ಡ ಹಿಡಿದು, ‘ಹಾಗನ್ನಬಾರದು ಬಾಬಾ, ಆಶ್ಛಿ ಅನ್ನು’ ಎಂದರು. ಬರುತ್ತೇನೆ ಎನ್ನಬೇಕು. ಒಂಬತ್ತು ವರ್ಷ ಬಂಗಾಳಿ ಕಲಿತು ಕೊನೆಯ ದಿನ ತಪ್ಪಿದೆ. ನಮ್ಮಲ್ಲೂ ‘ಬರ್ತೀನ್ರಿ’ ಎಂದೇ ಹೇಳುವುದು, ಅದನ್ನು ಹಾಗೇ ಬಂಗಾಳಿಗೆ ತಂದಿದ್ದರೆ ಸಾಕಿತ್ತು. ‘ಆಶ್ಛಿ’ ಎಂದೆ. ಮಗಳೂ ಅಂದಳು. ಅವಳು ಅದನ್ನು ನಿಜವಾಗಿಯೇ ಹೇಳಿದಳು.

ಸಾಮಾನು ಲಾರಿಯಲ್ಲಿ ಹೋಗಿತ್ತು. ನಾವು ಬೇಕೆಂದೇ ವಿಮಾನ ಬಿಟ್ಟು ರೈಲು ಹಿಡಿದೆವು. ಶಾಲಿಮಾರ್‌ನಿಂದ ವಾಸ್ಕೊಗೆ ಹೋಗುವ ಅಮರಾವತಿ ಎಕ್ಸ್‌ಪ್ರೆಸ್, ರಾತ್ರಿ ಹೊರಟರೆ ಮೂರನೆಯ ದಿನ ಬೆಳಿಗ್ಗೆ ಹುಬ್ಬಳ್ಳಿ. ಎರಡು ರಾತ್ರಿ, ಒಂದು ಹಗಲು. ಒಂದೇ ನೆಗೆತಕ್ಕೆ ಊರಿಗೆ ಬೀಳುವ ಧೈರ್ಯ ನನಗಿರಲಿಲ್ಲ ಎನ್ನಬೇಕು. ಹಗಲೆಲ್ಲ ಆಂಧ್ರ. ವಿಶಾಖಪಟ್ಟಣದಲ್ಲಿ ಮೊಸರನ್ನ, ವಿಜಯವಾಡದಲ್ಲಿ ಕತ್ತಲು. ಹೆಂಡತಿ ಮಧ್ಯದ ಬರ್ತ್‌ನಿಂದ ಕೆಳಗೆ ಬಗ್ಗಿ, ‘ಒಂದು ವರ್ಷ ನೋಡೂಣ್ರೀ. ಆಗಲಿಲ್ಲಂದ್ರ ಹುಬ್ಬಳ್ಳ್ಯಾಗ ಬ್ಯಾರೆ ಮನಿ ಮಾಡೂಣು’ ಅಂದಳು. ಅವಳ ‘ನೋಡೂಣು’ ಅಣ್ಣನದಕ್ಕಿಂತ ಹಗುರಾಗಿತ್ತು.

ಎಚ್ಚರವಾದಾಗ ಹೊಸಪೇಟೆ ದಾಟಿತ್ತು. ಕೊಪ್ಪಳದಲ್ಲಿ ಪ್ಲಾಟ್‌ಫಾರಂ ತುಂಬ ಜನ. ಯುಗಾದಿ ಹತ್ತಿರ, ಗುಳೆ ಹೋದವರು ಹಬ್ಬಕ್ಕೆ ಊರಿಗೆ ಬಂದಿಳಿದಿದ್ದರು. ಗಂಟು, ಪ್ಲಾಸ್ಟಿಕ್ ಕೊಡ, ನಿದ್ದೆಗಣ್ಣಿನ ಮಕ್ಕಳು, ಒಬ್ಬನ ಹೆಗಲ ಮೇಲೆ ಹೊಸ ಟೇಬಲ್ ಫ್ಯಾನು. ಒಬ್ಬಾಕೆ ಗಂಟನ್ನು ನೆಲಕ್ಕಿಟ್ಟು, ಸೀರೆ ಸರಿ ಮಾಡಿಕೊಂಡು, ಮುಖ ಒರೆಸಿಕೊಂಡು, ಆಮೇಲೆ ಗೇಟಿನ ಕಡೆ ನಡೆದಳು. ಗದಗ ಬರುವ ಹೊತ್ತಿಗೆ ನಾನೂ ಕ್ಷೌರ ಮಾಡಿಕೊಂಡು, ಅಂಗಿ ಬದಲಿಸಿದ್ದೆ.

ಹುಬ್ಬಳ್ಳಿಯಲ್ಲಿ ಅಣ್ಣ ಪ್ಲಾಟ್‌ಫಾರಂ ಮೇಲೇ ನಿಂತಿದ್ದ. ಬೋಗಿಯ ನಂಬರ್ ನಾನು ಹೇಳಿರಲಿಲ್ಲ, ರೈಲಿನುದ್ದಕ್ಕೂ ನಡೆದು ಹುಡುಕಿದ್ದಾನೆ. ಎರಡು ಬ್ಯಾಗ್ ಎತ್ತಿಕೊಂಡು ಮುಂದೆ ನಡೆದ. ಗಾಡಿಯಲ್ಲಿ ಕುಂದಗೋಳದ ದಾರಿ ಹಿಡಿಯುವವರೆಗೆ ಅಪ್ಪನ ವಿಷಯ ಒಂದೆರಡು ಮಾತು, ಅಷ್ಟೇ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡದೆ ಹೇಳಿದ, ‘ಖೋಲಿ ಖಾಲಿ ಮಾಡೀನಿ. ಚೀಲಾ ಕೋಲ್ಡ್ ಸ್ಟೋರೇಜಿಗೆ ಹಾಕಿದೆ. ಬಾಡಗಿ ನೀ ಕೊಡು.’

‘ಕೊಡ್ತೀನಿ.’

‘ಕೊಡಬೇಕು.’

ಮನೆಯಲ್ಲಿ ಅಪ್ಪ ವಾಕರ್ ಹಿಡಿದು ಬಾಗಿಲಿಗೆ ಬಂದಿದ್ದರು. ಮಗಳು ಅವರ ಕಾಲಿಗೆ ಬಿದ್ದು, ಯಾರೂ ಹೇಳದೆ ಮೆಟ್ಟಿಲೇರಿ ಮೇಲಿನ ಖೋಲಿಗೆ ಓಡಿದಳು. ಗೋಡೆಗೆ ಸುಣ್ಣ ಬಳಿಸಿದ್ದಾನೆ, ನೆಲ ತೊಳೆಸಿದ್ದಾನೆ, ಆದರೂ ಮೆಣಸಿನಕಾಯಿಯ ಘಾಟು ಹೋಗಿಲ್ಲ. ಒಂದಾದ ಮೇಲೊಂದು ನಾಲ್ಕು ಸೀನು ಕೇಳಿಸಿತು. ಕಣ್ಣು ಉಜ್ಜಿಕೊಳ್ಳುತ್ತ ಮೇಲಿನಿಂದ ಕೂಗಿದಳು, ‘ಬಾಬಾ, ಖೂಬ್ ಝಾಲ್!’

‘ಏನಂತಾಳ?’ ಅಂದ ಅಣ್ಣ.

‘ಬಾಳ ಖಾರ ಅಂತಾಳ.’

‘ಬ್ಯಾಡಗಿ ಮೆಣಸಿನಕಾಯಿ ಎಲ್ಲೆ ಖಾರ ಇರ್ತೈತಿ? ಬರೇ ಬಣ್ಣ. ಹೇಳಕಿಗೆ’ ಎಂದು ಉಳಿದ ಬ್ಯಾಗ್ ತರಲು ಹೊರಗೆ ಹೋದ.